ಫಲಿತಾಂಶದ ನಿರೀಕ್ಷೆ: ಒಂದು ಹಿನ್ನೋಟ

ಪರೀಕ್ಷೆ ಮುಗಿದಿರುತ್ತದೆ, ಫಲಿತಾಂಶ ಬಂದಿರುವುದಿಲ್ಲ. ಶಾಲೆಗೂ ಸೇರದ, ಕಾಲೇಜಿಗೂ ಸೇರದ ಈ ಕೆಲವು ವಾರಗಳನ್ನು ಹತ್ತನೇ ತರಗತಿ ಮುಗಿಸಿದ ಪ್ರತಿಯೊಬ್ಬರೂ ಕಂಡಿದ್ದಾರೆ. ಈ ನಿರೀಕ್ಷೆಗೂ ಒಂದು ಇತಿಹಾಸವಿದೆ.

1857ರಲ್ಲಿ ಕಲ್ಕತ್ತಾ, ಬೊಂಬಾಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಕಾಲೇಜು ಸೇರಬಯಸುವವರು ಮೊದಲು ಇವುಗಳ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಅದೇ ಮೆಟ್ರಿಕ್ಯುಲೇಷನ್. ಬೊಂಬಾಯಿಯಲ್ಲಿ 1859ರಲ್ಲಿ ನಡೆದ ಮೊದಲ ಮೆಟ್ರಿಕ್ಯುಲೇಷನ್‌ನಲ್ಲಿ ಉತ್ತೀರ್ಣರಾದವರು ಕೇವಲ 21 ಮಂದಿ. ಅವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ಒಬ್ಬರು. 1887ರಲ್ಲಿ ರಾಜಕೋಟೆಯ ವಿದ್ಯಾರ್ಥಿ ಮೋಹನದಾಸ ಗಾಂಧಿಯವರು ಇದೇ ಪರೀಕ್ಷೆ ಬರೆಯಲು ಅಹಮದಾಬಾದಿಗೆ ಪ್ರಯಾಣ ಮಾಡಬೇಕಾಯಿತು. ತೇರ್ಗಡೆಯಾದ ಬಳಿಕ 1888ರ ಆರಂಭದಲ್ಲಿ ಭಾವನಗರದ ಸಾಮಳದಾಸ ಕಾಲೇಜಿಗೆ ಸೇರಿದರು. ಓದುವ ಊರು ಒಂದು, ಬರೆಯುವ ಊರು ಇನ್ನೊಂದು, ತೀರ್ಪು ನೀಡುವ ಊರು ಮತ್ತೊಂದು! ಅಂದಿನ ನಿರೀಕ್ಷೆ ಹೇಗಿದ್ದಿರಬಹುದೆಂದು ಊಹಿಸಿಕೊಳ್ಳಿ.

ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು, ಪರೀಕ್ಷೆಗಳೂ ಹಾಗೆಯೇ. ಧಾರವಾಡ, ಬೆಳಗಾವಿ, ಬಿಜಾಪುರದವರು ಬೊಂಬಾಯಿಯತ್ತ ನೋಡುತ್ತಿದ್ದರು. ಮಂಗಳೂರು, ಬಳ್ಳಾರಿಯವರು ಮದರಾಸಿನ ಕಡೆ ನೋಡುತ್ತಿದ್ದರು. ಮೈಸೂರು ಸಂಸ್ಥಾನದ ಕಾಲೇಜುಗಳೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಮದರಾಸಿನ ಅಧೀನದಲ್ಲಿದ್ದವು. ಬೀದರ್, ಗುಲ್ಬರ್ಗ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ವಿಜ್ಞಾನ, ಗಣಿತಗಳನ್ನೂ ಉರ್ದುವಿನಲ್ಲೇ ಬೋಧಿಸಿದ್ದು ಉರ್ದು ಶಿಕ್ಷಕರಾದ ನಮಗೆ ಇಂದಿಗೂ ಹೆಮ್ಮೆಯ ವಿಷಯ.

1956ರಲ್ಲಿ ರಾಜ್ಯ ಏಕೀಕರಣವಾಯಿತು. 1966ರ ಕಾಯ್ದೆಯಂತೆ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ರಚನೆಯಾಯಿತು. ಹೀಗೆ ಎಸ್‌.ಎಸ್‌.ಎಲ್‌.ಸಿ. ಇಡೀ ನಾಡಿನ ಮಕ್ಕಳು ಒಟ್ಟಿಗೆ ಕಾಯುವ ಪರೀಕ್ಷೆಯಾಯಿತು. ಆ ದಿನಗಳಲ್ಲಿ ಫಲಿತಾಂಶ ತರುತ್ತಿದ್ದುದು ದಿನಪತ್ರಿಕೆ. ಪುಟ ತುಂಬ ಸಣ್ಣ ಅಕ್ಷರದ ರಿಜಿಸ್ಟರ್ ನಂಬರುಗಳು. ನಂಬರು ಇದ್ದರೆ ಪಾಸು, ಇಲ್ಲದಿದ್ದರೆ ಫೇಲು.

1975ರಲ್ಲಿ ನಮ್ಮ ಅಬ್ಬಾ ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆ ನೋಡಿದಾಗ ಅವರ ನಂಬರು ಇರಲಿಲ್ಲ. ಯಾರಿಗೂ ಏನೂ ಹೇಳದೆ ಮರುದಿನವೇ ಹುಬ್ಬಳ್ಳಿಗೆ ಹೋಗಿ ಮಾಮುವಿನ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತರು. ಅಂಕಪಟ್ಟಿ ಶಾಲೆಗೆ ಬಂದಾಗ ನೋಡಿದರೆ ಸೆಕೆಂಡ್ ಕ್ಲಾಸ್! ಅಚ್ಚಿನಲ್ಲಿ ನಂಬರು ಬಿಟ್ಟುಹೋಗಿತ್ತು. ಶಾಲೆಯ ಉಸ್ತಾದರು ಬರೆದ ಕಾರ್ಡು ಹುಬ್ಬಳ್ಳಿಗೆ ತಲುಪುವಷ್ಟರಲ್ಲಿ ಕಾಲೇಜಿನ ಪ್ರವೇಶ ಮುಗಿದಿತ್ತು. "ಮುಂದಿನ ವರ್ಷ ಸೇರುತ್ತೇನೆ" ಎಂದರಂತೆ ಅಬ್ಬಾ. ಆ ವರ್ಷ ಬರಲೇ ಇಲ್ಲ. ಆ ಅಂಕಪಟ್ಟಿ ಇಂದಿಗೂ ನಮ್ಮ ಮನೆಯ ಟ್ರಂಕಿನಲ್ಲಿದೆ.

ನನ್ನ ಕಾಲಕ್ಕೆ ಇಂಟರ್‌ನೆಟ್ ಬಂದಿತ್ತು. 2005ರಲ್ಲಿ ಸೈಬರ್ ಸೆಂಟರಿನ ಸಾಲಿನಲ್ಲಿ ಅಬ್ಬಾ ನನ್ನ ಜೊತೆ ನಿಂತಿದ್ದರು. ಪಾಸೆಂದು ಪರದೆಯಲ್ಲಿ ಕಂಡ ಮೇಲೂ "ಶಾಲೆಗೆ ಹೋಗಿ ಒಮ್ಮೆ ನೋಡಿ ಬಾ ಬೇಟಾ" ಎಂದರು. ಅದರ ಅರ್ಥ ನನಗೆ ತಿಳಿದಿತ್ತು.

2021ರಲ್ಲಿ ಕೊರೊನಾ ಕಾರಣದಿಂದ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ನಡೆಯಿತು. ದ್ವಿತೀಯ ಪಿ.ಯು. ಪರೀಕ್ಷೆಯೇ ರದ್ದಾಗಿ, ಹಿಂದಿನ ಅಂಕಗಳ ಆಧಾರದ ಮೇಲೆ ಫಲಿತಾಂಶ ನೀಡಲಾಯಿತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು, ಅವುಗಳಲ್ಲಿ ಗಳಿಸಿದ ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. ಉತ್ತರಪತ್ರಿಕೆಯ ಪ್ರತಿ ಪಡೆಯಲು, ಮರುಮೌಲ್ಯಮಾಪನ ಕೋರಲು ಅವಕಾಶವಿದೆ.

ಪ್ರಿಯ ವಿದ್ಯಾರ್ಥಿಗಳೇ, ಆದರೂ ಫೇಲಾದ ದಿನವೇ ಹುಡುಗನನ್ನು ಅಂಗಡಿಗೆ ಕಳಿಸುವ, ಹುಡುಗಿಯ ಓದು ಸಾಕೆನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಫಲಿತಾಂಶದಲ್ಲಿ ಏನೇ ಬರಲಿ, ಮೊದಲು ನಿಮ್ಮ ಶಾಲೆಗೆ ಬನ್ನಿ, ನಿಮ್ಮ ಶಿಕ್ಷಕರನ್ನು ಕಾಣಿ. ಪೋಷಕರೇ, ಅಂದೇ ತೀರ್ಮಾನ ಮಾಡಬೇಡಿ. ನಮ್ಮ ಅಬ್ಬಾಗೆ ಎರಡನೆಯ ಅವಕಾಶವಿದೆಯೆಂದು ಹೇಳುವವರು ಅಂದು ಪಕ್ಕದಲ್ಲಿರಲಿಲ್ಲ. ಇಂದು ಹೇಳಲು ನಾವಿದ್ದೇವೆ.