ಟರ್ಬೊ ಎಂಜಿನ್ ಆರಿಸುವ ಮುನ್ನ: ಒಂದು ನಿಯಮದ ಚರಿತ್ರೆ

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟರೆ ದಾರಿಯಲ್ಲಿ ಹಂಗಳ ಸಿಗುತ್ತದೆ. ಇಲ್ಲಿಂದ ಒಂದು ಕವಲು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುತ್ತದೆ. ಹೆದ್ದಾರಿ ಮಾತ್ರ ಬಂಡೀಪುರದ ಕಾಡನ್ನು ದಾಟಿ ನೀಲಗಿರಿಯತ್ತ ಸಾಗುತ್ತದೆ. ಇಂಥ ಬೆಟ್ಟದ ದಾರಿಗಳಲ್ಲಿ ಕೆಲವು ಚಾಲಕರು ಗಾಡಿ ನಿಲ್ಲಿಸಿದರೂ ಎಂಜಿನನ್ನು ಕೂಡಲೇ ಆರಿಸುವುದಿಲ್ಲ. ಕೇಳಿದರೆ, ‘ಟರ್ಬೊ ಗಾಡಿ ಸಾರ್, ಒಂದೆರಡು ನಿಮಿಷ ಓಡ್ತಿರಬೇಕು’ ಎನ್ನುತ್ತಾರೆ. ಈ ನಿಯಮ ಎಲ್ಲಿಂದ ಬಂತು? ಇಂದಿಗೂ ಅದು ಸರಿಯೇ? ಉತ್ತರ ಬೇಕಾದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಪೋಲಾಗುವ ಬಿಸಿಗೆ ಕೆಲಸ

ಎಂಜಿನ್ನಿನಲ್ಲಿ ಇಂಧನ ಉರಿದಾಗ ಹುಟ್ಟುವ ಶಕ್ತಿಯ ಗಣನೀಯ ಪಾಲು ಹೊಗೆಕೊಳವೆಯ ಮೂಲಕ ಹೊರಗೆ ಹೋಗಿಬಿಡುತ್ತದೆ. ಈ ಬಿಸಿ ಅನಿಲದಿಂದ ಒಂದು ಚಕ್ರವನ್ನು (ಟರ್ಬೈನ್) ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಅದುಮಿ ಸಿಲಿಂಡರಿಗೆ ತುಂಬಿದರೆ ಹೇಗೆ? ಈ ಯೋಚನೆಗೆ 1905ರಲ್ಲಿ ಪೇಟೆಂಟ್ ಪಡೆದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಇಂಧನವನ್ನು ಉರಿಸಬಹುದು. ಆಗ ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿ ದೊರೆಯುತ್ತದೆ.

ಯೋಚನೆ ಸುಲಭ, ಸಾಧನೆ ಕಷ್ಟ. ಯಶಸ್ಸು ಸಿಕ್ಕಿದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ. 1920ರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್‌ಗಳಿಗೆ ಬ್ಯೂಖಿಯ ಉಪಕರಣವನ್ನು ಜೋಡಿಸಿದಾಗ ಅವುಗಳ ಶಕ್ತಿ 1750ರಿಂದ 2500 ಅಶ್ವಶಕ್ತಿಗೆ ಏರಿತು.

ಇದಕ್ಕೂ ಮೊದಲೇ ಟರ್ಬೊವನ್ನು ಪರೀಕ್ಷೆಗೆ ಒಡ್ಡಿದ್ದು ಒಂದು ಬೆಟ್ಟ! ಮೇಲೆ ಹೋದಂತೆ ಗಾಳಿಯ ಸಾಂದ್ರತೆ ಕಡಿಮೆಯಾಗುವುದರಿಂದ ವಿಮಾನಗಳ ಎಂಜಿನ್‌ಗಳು ಸೊರಗುತ್ತಿದ್ದವು. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಒಂದು ವಿಮಾನದ ಎಂಜಿನನ್ನು ಸುಮಾರು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿದರು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು. ನಮ್ಮ ಊಟಿ ಇರುವುದು ಸುಮಾರು 2240 ಮೀಟರ್ ಎತ್ತರದಲ್ಲಿ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು ಮಾತ್ರ. ಘಾಟಿ ರಸ್ತೆಯಲ್ಲಿ ಟರ್ಬೊ ಗಾಡಿ ಏಕೆ ಸಲೀಸಾಗಿ ಏರುತ್ತದೆ ಎಂಬುದು ಈಗ ಅರ್ಥವಾಗುತ್ತದೆಯಲ್ಲವೇ?

ಕಾರಿಗೆ ಬಂದಾಗ ಎದುರಾದ ತೊಡಕು

ಹಡಗಿನ ಎಂಜಿನ್ ದಿನಗಟ್ಟಲೆ ಒಂದೇ ಹದದಲ್ಲಿ ಓಡುತ್ತದೆ. ಬಂದರು ಸಮೀಪಿಸಿದಂತೆ ಅದರ ವೇಗವನ್ನು ನಿಧಾನವಾಗಿ ತಗ್ಗಿಸುತ್ತಾರೆ. ಹೀಗಾಗಿ ಅದು ತಣಿದೇ ನಿಲ್ಲುತ್ತದೆ. ಕಾರಿನ ಸಂಗತಿ ಬೇರೆ. ಈ ಕ್ಷಣ ಭರದಿಂದ ಓಡುತ್ತಿದ್ದ ಗಾಡಿಯನ್ನು ಮರುಕ್ಷಣವೇ ನಿಲ್ಲಿಸಿ ಚಾಲಕ ಕೀಲಿ ತಿರುಗಿಸಿಬಿಡಬಹುದು.

ಅಮೆರಿಕದಲ್ಲಿ 1962ರಲ್ಲಿ ಎರಡು ಟರ್ಬೊ ಕಾರುಗಳು ಮಾರಾಟಕ್ಕೆ ಬಂದವು. ಅವು ಹೆಚ್ಚು ಕಾಲ ನಿಲ್ಲಲಿಲ್ಲ. 1970ರ ದಶಕದಲ್ಲಿ ಬಿಎಂಡಬ್ಲ್ಯು, ಪೋರ್ಷೆ, ಸಾಬ್ ಕಂಪನಿಗಳು ಮತ್ತೆ ಟರ್ಬೊ ಕಾರುಗಳನ್ನು ತಂದವು. ಬೇರಿಂಗ್ ಸವೆತದ ಕಾಟ ವ್ಯಾಪಕವಾಗಿ ಕಾಣಿಸಿಕೊಂಡದ್ದು ಈ ಕಾಲದಲ್ಲಿ.

ಕಾರಣ ಹೀಗಿದೆ. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದು ತೇಲುವುದು ಎಂಜಿನ್ ಆಯಿಲ್‌ನ ತೆಳುಪದರದ ಮೇಲೆ. ಟರ್ಬೈನ್ ಬದಿಯಲ್ಲಿ ಹರಿಯುವ ಅನಿಲದ ತಾಪ ಡೀಸೆಲ್ ಎಂಜಿನ್‌ಗಳಲ್ಲಿ 700° ಸೆ. ದಾಟಬಹುದು, ಪೆಟ್ರೋಲ್ ಎಂಜಿನ್‌ಗಳಲ್ಲಿ 900° ಸೆ. ಮೀರಬಹುದು. ಆಯಿಲ್ ಜಾರುವಿಕೆಗೆ ಮಾತ್ರವಲ್ಲ, ಬಿಸಿಯನ್ನು ಹೊತ್ತೊಯ್ಯುವುದಕ್ಕೂ ಬೇಕು. ಎಂಜಿನ್ ಆರಿದೊಡನೆ ಪಂಪು ನಿಲ್ಲುತ್ತದೆ, ಆಯಿಲ್‌ನ ಹರಿವೂ ನಿಲ್ಲುತ್ತದೆ. ಆದರೆ ಕೆಂಪಗೆ ಕಾದ ಟರ್ಬೈನ್ ಗೂಡಿನಿಂದ ಬಿಸಿ ಬೇರಿಂಗ್ ಕಡೆಗೆ ಹರಿಯುತ್ತಲೇ ಇರುತ್ತದೆ. ಹೀಗೆ, ಆರಿಸಿದ ಮೇಲೆ ಬೇರಿಂಗ್‌ನ ತಾಪ ಇಳಿಯುವ ಬದಲು ಕೆಲ ಹೊತ್ತು ಏರುತ್ತದೆ! ಅಲ್ಲಿ ಉಳಿದ ಆಯಿಲ್ ಬೆಂದು ಕರಿಯಾಗಿ ಗಟ್ಟಿಯಾಗುತ್ತದೆ. ದೋಸೆ ಕಾವಲಿಯ ಅಂಚಿನಲ್ಲಿ ಸುಟ್ಟ ಎಣ್ಣೆ ಕರಕಲಾಗಿ ಅಂಟಿಕೊಳ್ಳುವುದನ್ನು ನೋಡಿದ್ದೀರಲ್ಲವೇ? ಹಾಗೆಯೇ ಇದೂ. ಈ ಕರಿ ಆಯಿಲ್ ದಾರಿಯನ್ನು ಕಟ್ಟುತ್ತದೆ, ಬೇರಿಂಗನ್ನು ಉಜ್ಜುತ್ತದೆ.

‘ಆರಿಸುವ ಮುನ್ನ ಸ್ವಲ್ಪ ಹೊತ್ತು ನಿಧಾನವಾಗಿ ಓಡಲು ಬಿಡಿ’ ಎಂಬ ನಿಯಮ ಹುಟ್ಟಿದ್ದು ಹೀಗೆ. ಅನಂತರ 1980ರ ದಶಕದಲ್ಲಿ ಬೇರಿಂಗ್ ಗೂಡಿನ ಸುತ್ತ ನೀರು ಹರಿಸುವ ಟರ್ಬೊಗಳು ಬಂದವು. ಎಂಜಿನ್ ನಿಂತ ಮೇಲೂ ಇಲ್ಲಿ ಕಾದ ನೀರು ಸಂವಹನದಿಂದ ತಾನಾಗಿ ಮೇಲೇರಿ, ತಣ್ಣೀರು ಆ ಜಾಗಕ್ಕೆ ಬರುತ್ತದೆ. ಹೆಚ್ಚು ತಾಪ ತಾಳುವ ಕೃತಕ ಆಯಿಲ್‌ಗಳೂ ಬಳಕೆಗೆ ಬಂದವು.

ನಮ್ಮ ರಸ್ತೆಗಳಲ್ಲಿ

ಕರ್ನಾಟಕದ ಬಿಡದಿಯಲ್ಲೇ ಈ ಬದಲಾವಣೆಯ ಒಂದು ಗುರುತಿದೆ. 2000ದಲ್ಲಿ ಅಲ್ಲಿಂದ ಹೊರಬಂದ ಟೊಯೊಟಾ ಕ್ವಾಲಿಸ್‌ನ 2446 ಘನ ಸೆಂ.ಮೀ. ಡೀಸೆಲ್ ಎಂಜಿನ್‌ಗೆ ಟರ್ಬೊ ಇರಲಿಲ್ಲ. ಶಕ್ತಿ 75 ಅಶ್ವಶಕ್ತಿ. 2005ರಲ್ಲಿ ಅದರ ಜಾಗಕ್ಕೆ ಬಂದ ಇನೋವಾದ 2494 ಘನ ಸೆಂ.ಮೀ. ಟರ್ಬೊ ಎಂಜಿನ್ 102 ಅಶ್ವಶಕ್ತಿ ಕೊಟ್ಟಿತು. ಗಾತ್ರ ಹೆಚ್ಚುಕಡಿಮೆ ಅಷ್ಟೇ, ಶಕ್ತಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಇಂಧನವನ್ನು ಚಿಮ್ಮುವ ವಿಧಾನವೂ ಸುಧಾರಿಸಿತ್ತು ಎಂಬುದನ್ನು ಮರೆಯಬಾರದು.

ಈಗ ಹಂಗಳಕ್ಕೆ ಹಿಂದಿರುಗೋಣ. ಊಟಿಯಿಂದ ಬರುವ ಗಾಡಿ ಘಾಟಿಯನ್ನು ಗೇರಿನಲ್ಲೇ ಇಳಿಯುತ್ತದೆ. ಆಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಎಂಜಿನ್‌ಗಳು ಇಂಧನವನ್ನೇ ಚಿಮ್ಮುವುದಿಲ್ಲ. ಟರ್ಬೈನ್ ಮೂಲಕ ಹಾಯುವುದು ಉರಿಯದ ಗಾಳಿ. ಆಮೇಲೆ ಹುಲಿ ಸಂರಕ್ಷಿತ ಕಾಡಿನ ರಸ್ತೆಯುಬ್ಬುಗಳ ಮೇಲೆ ನಿಧಾನ ಪಯಣ. ಹಂಗಳ ಮುಟ್ಟುವ ಹೊತ್ತಿಗೆ ಟರ್ಬೊ ಸಾಕಷ್ಟು ತಣಿದಿರುತ್ತದೆ. ಅಲ್ಲಿ ಮತ್ತೆ ಎರಡು ನಿಮಿಷ ಓಡಿಸುವುದು ಡೀಸೆಲ್ ನಷ್ಟ, ಬರೀ ಹೊಗೆ. ಅದೇ ತುಂಬು ಹೊರೆಯ ಗಾಡಿ ಘಾಟಿ ಏರಿ ತುದಿಯಲ್ಲೇ ನಿಂತರೆ? ಆಗ ಒಂದು ನಿಮಿಷದ ಬಿಡುವು ಇಂದಿಗೂ ಉಚಿತ.

ಬೆಳಗಿನ ಬಿಸಿಯ ಲೆಕ್ಕವೂ ಹೀಗೆಯೇ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ತಡವಾಗಿ ಬಂದ ಗಾಡಿಗಳು ಮೇಲುಕಾಮನಹಳ್ಳಿಯ ತಪಾಸಣಾ ಗೇಟಿನ ಈಚೆಗೇ ಉಳಿಯಬೇಕು. ರಾತ್ರಿಯೆಲ್ಲ ತಣ್ಣಗಿದ್ದ ಆಯಿಲ್‌ನ ಸ್ನಿಗ್ಧತೆ ಹೆಚ್ಚು, ಹರಿವು ಮಂದ. ಚಾಲೂ ಮಾಡಿದೊಡನೆ ಎಂಜಿನನ್ನು ಭರ್ರೆನ್ನಿಸಿದರೆ ಬೇರಿಂಗ್‌ಗೆ ಪೆಟ್ಟು. ಹಾಗೆಂದು ಹದಿನೈದು ನಿಮಿಷ ನಿಂತಲ್ಲೇ ಓಡಿಸುವುದೂ ತಪ್ಪು. ಹೊರೆಯಿಲ್ಲದ ಡೀಸೆಲ್ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ದಹನ ಅಪೂರ್ಣವಾಗಿ ಮಸಿ ಕೂಡುತ್ತದೆ. ಅರ್ಧ ನಿಮಿಷ ಕಾದು, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸುವುದೇ ಒಳ್ಳೆಯದು. ಕಾಡಿನ ರಸ್ತೆಗೆ ಒಪ್ಪುವ ವೇಗವೂ ಅದೇ. ನೀರಿನ ತಾಪ ತೋರಿಸುವ ಮುಳ್ಳು ಮೇಲೇರಿದರೂ ಆಯಿಲ್ ಬಿಸಿಯಾಗಲು ಇನ್ನೂ ಸಮಯ ಬೇಕೆಂಬುದನ್ನು ನೆನಪಿಡಬೇಕು.

ನಿಯಮಗಳು ಹುಟ್ಟಿದ ಕಾರಣವನ್ನು ಮರೆತರೆ ಅವು ಆಚರಣೆಯಾಗಿ ಉಳಿಯುತ್ತವೆ. ಟರ್ಬೊ ಎಂಜಿನ್ ಆರಿಸುವ ಮುನ್ನ ಗಡಿಯಾರ ನೋಡುವುದಕ್ಕಿಂತ ಒಂದು ಪ್ರಶ್ನೆ ಕೇಳಿಕೊಳ್ಳುವುದು ಮೇಲು: ಕಳೆದ ಐದು ನಿಮಿಷ ಈ ಎಂಜಿನ್ ಏರುತ್ತಿತ್ತೇ, ಇಳಿಯುತ್ತಿತ್ತೇ? ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಉತ್ತರ ಅದರಲ್ಲೇ ಇದೆ.