ಪೇಟೆಯ ಬಿಸಿ, ತೋಟದ ತಂಪು

ಬೇಸಿಗೆಯ ಸಂಜೆ ಮೂಡಿಗೆರೆ ಅಥವಾ ಕಳಸದ ಕಾಫಿ ತೋಟದಿಂದ ಚಿಕ್ಕಮಗಳೂರಿನ ಪೇಟೆಬೀದಿಗೆ ಬಂದು ನಿಂತು ನೋಡಿ. ಸೂರ್ಯ ಮುಳುಗಿದ್ದರೂ ಗೋಡೆಗಳು ಬೆಚ್ಚಗಿರುತ್ತವೆ. ಸುತ್ತಲಿನ ಹಳ್ಳಿಗಾಡಿಗಿಂತ ಊರು ಹೀಗೆ ಹೆಚ್ಚು ಬಿಸಿಯಾಗಿರುವುದನ್ನು 'ನಗರ ಉಷ್ಣದ್ವೀಪ' ಎನ್ನುತ್ತಾರೆ.

ಇದನ್ನು ಮೊದಲು ಕ್ರಮವಾಗಿ ಅಳೆದವನು ಇಂಗ್ಲೆಂಡಿನ ಔಷಧ ರಸಾಯನಜ್ಞ ಲ್ಯೂಕ್ ಹೊವಾರ್ಡ್. ಮೋಡಗಳಿಗೆ ಹೆಸರಿಟ್ಟವನೂ ಇವನೇ. ಲಂಡನ್ನಿನ ಹವೆಯನ್ನು ಕುರಿತ ಇವನ ಗ್ರಂಥ 1818ರಿಂದ ಪ್ರಕಟವಾಗತೊಡಗಿತು. ನಗರದ ರಾತ್ರಿ ಹಳ್ಳಿಯ ರಾತ್ರಿಗಿಂತ 3.7 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಬಿಸಿ ಎಂದು ಆತ ಲೆಕ್ಕ ಹಾಕಿದ.

ಕಾರಣವೇನು? 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ತೋಟದ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳು ನೆರಳು ಕೊಡುವುದಲ್ಲದೆ, ಎಲೆಗಳಿಂದ ನೀರನ್ನು ಆವಿಯಾಗಿಸಿ ಬಿಸಿಲಿನ ಶಾಖವನ್ನು ಕಳೆಯುತ್ತವೆ. ಪೇಟೆಯೋ ಕಾಫಿ ಒಣಗಿಸುವ ಕಣದಂತೆ. ಕಲ್ಲು, ಕಾಂಕ್ರೀಟು, ಡಾಂಬರು ಹಗಲೆಲ್ಲ ಶಾಖ ಹೀರಿ ರಾತ್ರಿ ಬಿಡುತ್ತವೆ. ಎತ್ತರದ ಕಟ್ಟಡಗಳ ನಡುವೆ ಕಾಣುವ ಆಕಾಶ ಕಿರಿದಾದ್ದರಿಂದ ಆ ಶಾಖ ಬೇಗ ಹೊರಹೋಗದು. ವಾಹನ, ಏರ್‌ಕಂಡಿಷನರ್‌ಗಳ ಬಿಸಿಯೂ ಇದಕ್ಕೆ ಸೇರುತ್ತದೆ.

ಮೈಸೂರು ಸಂಸ್ಥಾನದಲ್ಲಿ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ 1893ರ ಹವಾ ವರದಿಯನ್ನು ಸಿದ್ಧಪಡಿಸಿದರು. ಅದರಲ್ಲಿದ್ದ ವೀಕ್ಷಣೆಗಳು ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗದವು. ಚಿಕ್ಕಮಗಳೂರು ಆ ಪಟ್ಟಿಯಲ್ಲಿರಲಿಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ತೋಟಗಾರರು ಹೂಮಳೆಯನ್ನು ಸೆಂಟ್‌ಗಳಲ್ಲಿ ಬರೆದಿಟ್ಟರು. ಈ ಲೆಕ್ಕವೆಲ್ಲ ಬೆಳೆಗಾಗಿ, ಬೀದಿಗಾಗಿ ಅಲ್ಲ.

ಇಂದು ಬೀದಿಯ ಲೆಕ್ಕವೂ ಬೇಕಾಗಿದೆ. 2001ರಲ್ಲಿ ಬಂದ ಎನರ್ಜಿಪ್ಲಸ್‌ನಂಥ ತಂತ್ರಾಂಶಗಳು ವರ್ಷದ 8,760 ಗಂಟೆಗಳ ಹವೆಯನ್ನು ಉಣಿಸಿಕೊಂಡು ಕಟ್ಟಡದ ವಿದ್ಯುತ್ ಬಳಕೆಯನ್ನು ಅಂದಾಜು ಮಾಡುತ್ತವೆ. ನಮ್ಮ ದೇಶದಲ್ಲಿ 2007ರ ಕಟ್ಟಡ ಇಂಧನ ಸಂಹಿತೆಯ ನಂತರ ಇವುಗಳ ಬಳಕೆಗೆ ಒತ್ತು ಬಂತು. ಆದರೆ ಹವೆಯ ಕಡತಗಳು ಹೆಚ್ಚಾಗಿ ವಿಮಾನ ನಿಲ್ದಾಣದಂಥ ಬಯಲುಗಳವು. ಬೆಂಗಳೂರಿನ ನಿಲ್ದಾಣವೇ 2008ರಲ್ಲಿ ನಗರದ ಹೊರಗಿನ ದೇವನಹಳ್ಳಿಗೆ ಹೋಯಿತು. ಬಯಲಿನ ತಂಪು ರಾತ್ರಿಯನ್ನು ನಂಬಿ ಪೇಟೆಯ ಕಟ್ಟಡಕ್ಕೆ ಲೆಕ್ಕ ಹಾಕಿದರೆ ತಂಪುಗೊಳಿಸುವ ಹೊರೆ ಕಡಿಮೆ ಎಂದು ತೋರುತ್ತದೆ. ರಾತ್ರಿ ಕಿಟಕಿ ತೆರೆದರೆ ಸಾಕೆಂಬ ಭರವಸೆಯೂ ಹುಸಿಯಾಗುತ್ತದೆ.

1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಮಂಗಳೂರು ಹೆಂಚು ಮಲೆನಾಡಿನ ಮನೆಗಳನ್ನೂ ಹೊದೆಯಿತು. ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಕಾಂಕ್ರೀಟ್ ತಾರಸಿಯಲ್ಲಿ ಆ ದಾರಿಯಿಲ್ಲ. ಒಬ್ಬರು ಏರ್‌ಕಂಡಿಷನರ್ ಹಾಕಿದರೆ ಅದರ ಬಿಸಿ ನೆರೆಯವರ ಕಿಟಕಿಗೆ. ಇಂದು ತಪ್ಪು ಲೆಕ್ಕದಲ್ಲಿ ಕಟ್ಟಿದ್ದು ಐವತ್ತು ವರ್ಷ ನಿಲ್ಲುತ್ತದೆ.

ಪರಿಹಾರದ ಮೊದಲ ಹೆಜ್ಜೆ ಸರಳ. ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿಟ್ಟ ಒಂದು ಉಷ್ಣಮಾಪಕ ಪೇಟೆಯಲ್ಲಿ, ಇನ್ನೊಂದು ತೋಟದಲ್ಲಿ, ವರ್ಷವಿಡೀ ಟಿಪ್ಪಣಿ. ಶಾಲಾ ಮಕ್ಕಳೂ ಇದನ್ನು ಮಾಡಬಹುದು. ಹೊವಾರ್ಡ್ ಆರಂಭಿಸಿದ್ದೂ ಇಷ್ಟರಿಂದಲೇ.