ನೇರ ಟಿಕೆಟ್ ಇಲ್ಲದವರು

ವೀಸಾ ಅರ್ಜಿಗೆಂದು ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸುವಾಗಲೆಲ್ಲ ನನಗೆ ಕೆನಡಾದ ಆ 200 ಡಾಲರ್ ನೆನಪಾಗುತ್ತದೆ. ಜೇಬು ನೋಡಿ ಬಾಗಿಲು ತೆರೆಯುವ ಪದ್ಧತಿ ನಮ್ಮ ಕಾಲದ್ದಲ್ಲ.

ಕಳೆದ ಶತಮಾನದ ಆರಂಭದಲ್ಲಿ ಭಾರತೀಯರು ಬ್ರಿಟಿಷ್ ಪ್ರಜೆಗಳು. ಕೆನಡಾವೂ ಅದೇ ಸಾಮ್ರಾಜ್ಯದ್ದು. 'ಭಾರತೀಯರು ಬರಬಾರದು' ಎಂದು ಕಾನೂನಿನಲ್ಲೇ ಬರೆದರೆ ಲಂಡನ್ನಿಗೆ ಮುಜುಗರ. ಚೀನೀಯರ ಮೇಲೇನೋ ನೇರವಾಗಿ ತಲೆಗಂದಾಯ ಹೇರಿದ್ದರು, 1903ರಲ್ಲಿ ಅದು 500 ಡಾಲರಿಗೆ ಏರಿತ್ತು. ನಮ್ಮವರಿಗೆ ಬೇರೆ ಉಪಾಯ ಬೇಕಾಯಿತು. 1908ರಲ್ಲಿ ಒಂದು ಆದೇಶ ಬಂತು: ಹುಟ್ಟಿದ ಅಥವಾ ಪೌರತ್ವವಿರುವ ದೇಶದಲ್ಲೇ ಟಿಕೆಟ್ ಕೊಂಡು, ಎಲ್ಲೂ ಮುರಿಯದ ಒಂದೇ ಪಯಣದಲ್ಲಿ ಬಂದವರಿಗಷ್ಟೇ ಪ್ರವೇಶ. ಅದರಲ್ಲಿ ಭಾರತದ ಹೆಸರೇ ಇಲ್ಲ! ಆದರೆ ಕಲ್ಕತ್ತೆಯಿಂದ ವ್ಯಾಂಕೂವರಿಗೆ ಅಂಥ ಟಿಕೆಟ್ ಮಾರುವವರೇ ಇರಲಿಲ್ಲ. ಜೊತೆಗೆ ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕು. ಉಳಿದವರಿಗೆ 25 ಸಾಕಿತ್ತು.

1913ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಾಲಯವೊಂದು, ಆದೇಶದ ಪದಗಳು ಮೂಲ ಕಾಯ್ದೆಗೆ ಹೊಂದುವುದಿಲ್ಲವೆಂದು ಹೇಳಿ, ತಡೆದಿಟ್ಟಿದ್ದ ಭಾರತೀಯರನ್ನು ಬಿಡಿಸಿತು. ಸರ್ಕಾರ ಮಾಡಿದ್ದಿಷ್ಟೇ: ಪದಗಳನ್ನು ತಿದ್ದಿ, 1914ರ ಜನವರಿಯಲ್ಲಿ ಅದೇ ನಿಯಮವನ್ನು ಮತ್ತೆ ಹೊರಡಿಸಿತು. ಗುಮಾಸ್ತರ ಪೆನ್ನಿಗೆ ಇರುವ ಶಕ್ತಿ ಸಣ್ಣದಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಗುರುದಿತ್ ಸಿಂಗ್ ಬಾಡಿಗೆಗೆ ಹಿಡಿದ ಜಪಾನಿ ಹಡಗು 'ಕೊಮಾಗಾಟಾ ಮಾರು' ಹಾಂಗ್‌ಕಾಂಗ್ ಬಿಟ್ಟಿತು. ಶಾಂಘೈ, ಮೋಜಿ, ಯೊಕೊಹಾಮಾಗಳಲ್ಲಿ ಇನ್ನಷ್ಟು ಜನ ಹತ್ತಿದರು. ಮೇ 23ರಂದು ವ್ಯಾಂಕೂವರ್ ಮುಟ್ಟಿದಾಗ ಹಡಗಿನಲ್ಲಿ 376 ಮಂದಿ. ಹೆಚ್ಚಿನವರು ಪಂಜಾಬಿನ ಸಿಖ್ಖರು, ಜೊತೆಗೆ ಒಂದಷ್ಟು ಮುಸ್ಲಿಮರು, ಹಿಂದೂಗಳು. ಹಡಗನ್ನು ದಕ್ಕೆಗೆ ಬಿಡಲಿಲ್ಲ. ಎರಡು ತಿಂಗಳು ಅವರು ಊರನ್ನು ಕಣ್ಣೆದುರೇ ನೋಡುತ್ತ ನೀರಿನ ಮೇಲೆ ಕುಳಿತರು, ಅನ್ನ-ನೀರಿಗೂ ತತ್ವಾರ. ದಡದಲ್ಲಿದ್ದ ಭಾರತೀಯರು ಚಂದಾ ಎತ್ತಿ ಹಡಗಿನ ಬಾಡಿಗೆ ಬಾಕಿ ಕಟ್ಟಿದರು, ವಕೀಲರನ್ನಿಟ್ಟರು. ಈ ಸಲ ನ್ಯಾಯಾಲಯ ಸರ್ಕಾರದ ಪರ ನಿಂತಿತು. ಮೊದಲೇ ಕೆನಡಾದಲ್ಲಿ ನೆಲೆಸಿದ್ದ 20 ಮಂದಿ, ಒಬ್ಬ ವೈದ್ಯ ಮತ್ತು ಅವನ ಕುಟುಂಬವನ್ನಷ್ಟೇ ಇಳಿಸಿಕೊಂಡರು. ಜುಲೈ 23ರಂದು, ಯುದ್ಧನೌಕೆಯ ಕಾವಲಿನಲ್ಲಿ ಹಡಗು ಹಿಂದಿರುಗಿತು.

ಪರದೇಶದ ಬಾಗಿಲು ಮುಚ್ಚಿದರೆ ಊರಾದರೂ ಇದೆ ಎಂದುಕೊಳ್ಳುತ್ತೇವೆ. ಆದರೆ ಅವರು ಸಮುದ್ರದಲ್ಲಿದ್ದಾಗಲೇ ಮಹಾಯುದ್ಧ ಶುರುವಾಗಿ, ಭಾರತಕ್ಕೆ ಬರುವವರನ್ನು ತಡೆಯಲು, ಬಂಧನದಲ್ಲಿಡಲು ಬ್ರಿಟಿಷ್ ಸರ್ಕಾರ ಸುಗ್ರೀವಾಜ್ಞೆ ತಂದಿತ್ತು. ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರನ್ನು ವಿಶೇಷ ರೈಲು ಹತ್ತಿಸಿ ಪಂಜಾಬಿಗೆ ಕಳಿಸಲು ನೋಡಿದರು. ಹಲವರು ಒಪ್ಪದೆ ಕಲ್ಕತ್ತೆಯತ್ತ ನಡೆದರು. ಗುಂಡು ಹಾರಿತು, ಸುಮಾರು 20 ಪ್ರಯಾಣಿಕರು ಸತ್ತರು. ಸ್ವಂತ ನೆಲದಲ್ಲೂ ಅವರಿಗೆ ಬೇಕಾದ ಕಡೆ ಹೋಗುವ ಹಕ್ಕಿರಲಿಲ್ಲ.

ಯುದ್ಧಕಾಲದ ಕಾಗದಪತ್ರದ ಕಟ್ಟಳೆ ಯುದ್ಧದ ಜೊತೆ ಮುಗಿಯಲಿಲ್ಲ. ಭಾರತದೊಳಗೆ ಬರಲು ಪಾಸ್‌ಪೋರ್ಟ್ ಕಡ್ಡಾಯ ಮಾಡುವ ಕಾಯ್ದೆ 1920ರಲ್ಲಿ ಬಂತು. ಅದು ಸ್ವಾತಂತ್ರ್ಯದ ನಂತರವೂ ಉಳಿದು, ಹೊಸ ವಲಸೆ ಕಾನೂನಿಗೆ ಜಾಗ ಬಿಟ್ಟುಕೊಟ್ಟಿದ್ದು 2025ರಲ್ಲಿ. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು, ಹಡಗು ತಿರುಗಿ ಹೋದ ಸುಮಾರು 102 ವರ್ಷಗಳ ಮೇಲೆ.